ಅಣಬೆಯ ಅಮಲನ್ನು ದೇಹ ಹೊರಹಾಕುವುದು ಹೇಗೆ?

ಭ್ರಮೆ ಹುಟ್ಟಿಸುವ ಅಣಬೆಗಳಲ್ಲಿರುವ ಸೈಲೋಸಿಬಿನ್ ಎಂಬ ಸಂಯುಕ್ತವನ್ನು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಹಾಫ್‌ಮನ್ ಬೇರ್ಪಡಿಸಿದ ವಿವರ 1958ರಲ್ಲಿ ಪ್ರಕಟವಾಯಿತು. ಮನಸ್ಸನ್ನು ಕದಡುವುದು ಇದೇ ವಸ್ತು ಎಂದು ಹೇಳುವ ರೂಢಿಯಿದ್ದರೂ ಅದು ಅರ್ಧ ಸತ್ಯ. ಹೊಟ್ಟೆಗೆ ಹೋದಾಗ ಅದು ಹೆಚ್ಚುಕಡಿಮೆ ನಿಷ್ಕ್ರಿಯವಾಗಿರುತ್ತದೆ. ಅದಕ್ಕೆ ಚುರುಕು ಕೊಡುವುದೂ ದೇಹವೇ, ಆಮೇಲೆ ಕಳಚಿ ಹೊರಹಾಕುವುದೂ ದೇಹವೇ.

ಮೊದಲ ಹೆಜ್ಜೆ ಕರುಳು ಮತ್ತು ಯಕೃತ್ತಿನಲ್ಲಿ ನಡೆಯುತ್ತದೆ. ಸೈಲೋಸಿಬಿನ್ ಅಣುವಿಗೆ ಅಂಟಿಕೊಂಡಿರುವ ಫಾಸ್ಫೇಟ್ ತುಣುಕು ಅದನ್ನು ಮಿದುಳಿನೊಳಗೆ ನುಸುಳಲು ಬಿಡುವುದಿಲ್ಲ. ರಕ್ತಪರೀಕ್ಷೆಯ ವರದಿಯಲ್ಲಿ ‘ಎಎಲ್‌ಪಿ’ ಎಂದು ಕಾಣುವ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಆ ತುಣುಕನ್ನು ಕತ್ತರಿಸಿದಾಗ ಉಳಿಯುವುದು ಸೈಲೋಸಿನ್. ಇದರ ಆಕಾರ ನರಕೋಶಗಳ ನಡುವೆ ಸಂದೇಶ ಒಯ್ಯುವ ನಮ್ಮದೇ ಸೆರೊಟೋನಿನ್ ಅನ್ನು ಹೋಲುವುದರಿಂದ ಮಿದುಳಿನ ಸೆರೊಟೋನಿನ್ ಗ್ರಾಹಕಗಳಿಗೆ ಹೋಗಿ ಕೂರುತ್ತದೆ. (ಈ ಅಣಬೆಯನ್ನು ಹಿಸುಕಿದಾಗ ನೀಲಿಗಟ್ಟುವುದಕ್ಕೂ ಇಂಥದೇ ಕತ್ತರಿಯ ಕೆಲಸ ಕಾರಣ.)

ಎರಡನೆಯ ಹೆಜ್ಜೆಯಲ್ಲಿ ವಿಲೇವಾರಿ ಆರಂಭವಾಗುತ್ತದೆ. ಕೊಬ್ಬಿನಂಶವಿರುವ ಪೊರೆಗಳನ್ನು ಸುಲಭವಾಗಿ ದಾಟುವ ಅಣುವನ್ನು ಮೂತ್ರಪಿಂಡ ಹಾಗೆಯೇ ಹೊರದಬ್ಬಲಾರದು, ಏಕೆಂದರೆ ಸೋಸಿದರೂ ಅದು ಮತ್ತೆ ರಕ್ತಕ್ಕೆ ಹಿಂತಿರುಗಬಲ್ಲದು. ಆದ್ದರಿಂದ ಯಕೃತ್ತು ಮತ್ತು ಸಣ್ಣ ಕರುಳಿನ ಯುಜಿಟಿ ಕಿಣ್ವಗಳು ಸೈಲೋಸಿನ್‌ಗೆ ಗ್ಲೂಕುರೋನಿಕ್ ಆಮ್ಲವನ್ನು, ಅಂದರೆ ಗ್ಲೂಕೋಸಿನಿಂದಲೇ ಹುಟ್ಟಿದ ಒಂದು ಆಮ್ಲವನ್ನು, ಜೋಡಿಸಿ ನೀರಿನಲ್ಲಿ ಸುಲಭವಾಗಿ ಕರಗುವಂತೆ ಮಾಡುತ್ತವೆ. ಜ್ವರಕ್ಕೆ ನುಂಗಿದ ಪ್ಯಾರಾಸಿಟಮಾಲ್‌ನ ದೊಡ್ಡ ಪಾಲು ಹೊರಹೋಗುವುದೂ ಇದೇ ದಾರಿಯಲ್ಲಿ.

ಸೈಲೋಸಿನ್‌ನ ಇನ್ನೊಂದಿಷ್ಟು ಪಾಲನ್ನು ಮೋನೋಅಮೈನ್ ಆಕ್ಸಿಡೇಸ್ ಕಿಣ್ವ ಒಡೆಯುತ್ತದೆ. ಡಿಎಂಟಿ ಎಂಬ, ಭ್ರಮೆ ಹುಟ್ಟಿಸುವ ಸೋದರ ವಸ್ತುವನ್ನು ಈ ಕಿಣ್ವ ಕರುಳು ಮತ್ತು ಯಕೃತ್ತಿನಲ್ಲೇ ಮುಗಿಸಿಬಿಡುವುದರಿಂದ, ಬರಿಯ ಡಿಎಂಟಿ ನುಂಗಿದರೆ ಪರಿಣಾಮ ಕಾಣುವುದಿಲ್ಲ. ಅಮೆಜಾನ್ ಪ್ರದೇಶದ ಅಯಾವಾಸ್ಕಾ ಕಷಾಯದಲ್ಲಿ ಕಿಣ್ವವನ್ನು ತಡೆಯುವ ಬಳ್ಳಿಯನ್ನೂ ಬೇಯಿಸುವುದು ಅದಕ್ಕಾಗಿಯೇ.

ಕೊನೆಯ ಹೆಜ್ಜೆ ಮೂತ್ರಪಿಂಡದ್ದು. ರಕ್ತದಲ್ಲಿ ಸೈಲೋಸಿನ್‌ನ ಅರ್ಧಾಯು, ಅಂದರೆ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಸಮಯ, ಸುಮಾರು 3 ಗಂಟೆ. ಆ ಲೆಕ್ಕದಲ್ಲಿ 12 ಗಂಟೆ ಕಳೆದಾಗ ಹದಿನಾರರಲ್ಲಿ ಒಂದು ಪಾಲಷ್ಟೇ ಉಳಿದಿರುತ್ತದೆ. ಕೊಡಗಟ್ಟಲೆ ನೀರು ಕುಡಿದು ಬೇಗ ತೊಳೆದುಬಿಡಬಹುದೆಂಬ ನಂಬಿಕೆ ಇಲ್ಲಿ ಸಲ್ಲದು, ಏಕೆಂದರೆ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಕಿಣ್ವಗಳು. ಭ್ರಮೆ ಹುಟ್ಟಿಸುವ ಇನ್ನೊಂದು ವಸ್ತುವಾದ ಎಲ್‌ಎಸ್‌ಡಿಯ ಅರ್ಧಾಯುವೂ ಹೆಚ್ಚುಕಡಿಮೆ ಇಷ್ಟೇ ಆದರೂ, ಅದು ರೂಪ ಬದಲಿಸದೆ ಮೂತ್ರಕ್ಕೆ ಬರುವುದು ಶೇಕಡಾ 1ರಷ್ಟು ಮಾತ್ರ.

ಸೈಲೋಸಿನ್ ಕೂಡ ಮೂತ್ರದಲ್ಲಿ ಬಹುತೇಕ ಆಮ್ಲದ ಜೋಡಿಯೊಂದಿಗೇ ಇರುವುದರಿಂದ, ಅದನ್ನು ಹುಡುಕುವ ಪ್ರಯೋಗಾಲಯದವರು ಮಾದರಿಗೆ ಸಾಮಾನ್ಯವಾಗಿ ಗ್ಲೂಕುರೋನಿಡೇಸ್ ಎಂಬ ಮತ್ತೊಂದು ಕಿಣ್ವವನ್ನು ಬೆರೆಸಿ, ಯಕೃತ್ತು ಕಟ್ಟಿದ ಗಂಟನ್ನು ಬಿಚ್ಚಿಕೊಂಡು ಅಳೆಯುತ್ತಾರೆ.