ಆಂಥೂರಿಯಂ ಬಾಡಿದ್ದು ನೀರಿಲ್ಲದೆ ಅಲ್ಲ

ಮಡಿಕೇರಿಯ ಜುಲೈ ಮಳೆ ಗೊತ್ತಲ್ವಾ, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಅಂಥದ್ದರಲ್ಲಿ ಜಗಲಿಯೊಳಗಿದ್ದ ನಮ್ಮ ಆಂಥೂರಿಯಂ ಜೋತುಬಿತ್ತು. ಬಾಯಾರಿಕೆ ಅಂದುಕೊಂಡು ದಿನಾ ಒಂದು ಚೊಂಬು ನೀರು ಸುರಿದೆ. ಎಲೆ ಇನ್ನೂ ಹಳದಿಯಾಯಿತು.

ಕೊನೆಗೆ ಕುಂಡದಿಂದ ಎತ್ತಿ ನೋಡಿದೆ. ಕೊಳೆತ ವಾಸನೆ! ಬೆಳ್ಳಗೆ ಗಟ್ಟಿಯಾಗಿರಬೇಕಾದ ಬೇರು ಕಂದಾಗಿತ್ತು. ಚಿವುಟಿದರೆ ಸಿಪ್ಪೆ ಜಾರಿ ದಾರದಂಥ ಎಳೆ ಕೈಗೆ ಬಂತು. ಕೆಳಗಿನ ತಟ್ಟೆಯಲ್ಲಿ ನೀರು ನಿಂತೇ ಇತ್ತು. ತಪ್ಪು ನನ್ನದೇ.

ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಉಳಿದದ್ದು ನಾಲ್ಕೇ ಬೇರು. ಮಣ್ಣು ಬಿಟ್ಟು ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆ ಚೂರು ಹಾಕಿ ಚಿಕ್ಕ ಕುಂಡದಲ್ಲಿ ನೆಟ್ಟೆ. ಇದರ ಬೇರಿಗೆ ಗಾಳಿ ಬೇಕು. ಕಾಡಿನಲ್ಲಿ ಎಷ್ಟೋ ಆಂಥೂರಿಯಂಗಳು ಮರದ ಮೇಲೇ ಬೆಳೆಯುತ್ತವೆ. ಬೆಳಕಿರುವ, ಬಿಸಿಲು ನೇರವಾಗಿ ಬೀಳದ ಕಿಟಕಿ ಪಕ್ಕ ಇಟ್ಟೆ. ಗೊಬ್ಬರ ಮುಟ್ಟಲಿಲ್ಲ.

ಈಗ ಬೆರಳು ಚುಚ್ಚಿ ನೋಡಿ, ಮೇಲ್ಭಾಗ ಒಣಗಿದ್ದರೆ ಮಾತ್ರ ನೀರು. ಮಳೆಗಾಲದಲ್ಲಿ ವಾರಕ್ಕೊಮ್ಮೆಯೂ ಬೇಡವಾಯಿತು. ಆರು ವಾರಕ್ಕೆ ತಾಮ್ರದ ಬಣ್ಣದ ಎಲೆ ಸುರುಳಿ ಬಿಚ್ಚಿತು. ಡಿಸೆಂಬರಿನಲ್ಲಿ ಒಂದು ಕೆಂಪು ಹೂವು. ಹೂವು ಅಂತ ನಾವು ಹೇಳುವುದಷ್ಟೇ, ಆ ಕೆಂಪು ಭಾಗ ನಿಜಕ್ಕೂ ಬಣ್ಣ ಬಂದ ಎಲೆ. ಅಸಲಿ ಹೂಗಳು ನಡುವಿನ ಕಡ್ಡಿಯ ಮೇಲಿನ ಚುಕ್ಕಿಗಳು.