ಬಾಲ ಆಮೇಲೆ, ಮೊದಲು ಬಾಯಿ

ಊರಿಗೆ ಹೊರಟವರು ತಮ್ಮ ನಾಯಿಯನ್ನು ನನ್ನಲ್ಲಿ ಬಿಟ್ಟು ಹೋಗುತ್ತಾರೆ. ಬಿಡುವಾಗ ಹೆಚ್ಚಿನವರದ್ದು ಒಂದೇ ಮಾತು: "ನಮ್ದು ತುಂಬಾ ಸಾಧು, ನೋಡಿ ಹೇಗೆ ಬಾಲ ಅಲ್ಲಾಡಿಸ್ತಿದೆ!" ಹೂಂ ಅನ್ನುತ್ತಲೇ ನಾನು ನಾಯಿಯ ಬಾಯಿ ನೋಡುತ್ತಿರುತ್ತೇನೆ.

ಬಾಲ ಆಡುತ್ತಿದ್ದರೆ ನಾಯಿ ಉದ್ವೇಗದಲ್ಲಿದೆ ಎಂದಷ್ಟೇ ಅರ್ಥ. ಅದು ಖುಷಿಯೋ, ಭಯವೋ, ಸಿಟ್ಟೋ ತಿಳಿಯಲು ಉಳಿದ ಮೈ ನೋಡಬೇಕು. ಸೊಂಟವನ್ನೂ ಎಳೆದುಕೊಂಡು ಬಳುಕುವ ಬಾಲವಾದರೆ ನಿಶ್ಚಿಂತೆ. ಮೇಲಕ್ಕೆ ಸೆಟೆದು ನಿಂತು ತುದಿಯಷ್ಟೇ ಚುರುಕಾಗಿ ಆಡುತ್ತಿದ್ದರೆ ನಾನು ಕೈ ಚಾಚುವುದಿಲ್ಲ. ಸಾಕಿದವರನ್ನು ಕಂಡಾಗ ಬಾಲ ನಾಯಿಯ ಬಲಕ್ಕೂ, ಅಪರಿಚಿತ ಜೋರಿನ ನಾಯಿಯನ್ನು ಕಂಡಾಗ ಎಡಕ್ಕೂ ಹೆಚ್ಚು ವಾಲುತ್ತದೆ ಎಂದು 2007ರಲ್ಲಿ ಇಟಲಿಯ ಸಂಶೋಧಕರು ವರದಿ ಮಾಡಿದ್ದರು. ನನ್ನ ಬರಿಗಣ್ಣಿಗಂತೂ ಆ ವ್ಯತ್ಯಾಸ ಸಿಕ್ಕಿಲ್ಲ.

ಬಾಯಿಯ ವಿಷಯ ಹಾಗಲ್ಲ. ಸಡಿಲವಾಗಿ ತೆರೆದು ತೇಕುತ್ತಿದ್ದ ಬಾಯಿ ತಟ್ಟನೆ ಮುಚ್ಚಿಕೊಂಡರೆ ಯಾರಿಗಾದರೂ ಕಾಣುತ್ತದೆ. ಒಮ್ಮೆ ಮನೆಗೆ ಬಂದ ಹುಡುಗನೊಬ್ಬ ಮಲಗಿದ್ದ ಕಂದು ನಾಯಿಯ ಮೇಲೆ ಬಾಗಿ ಕುತ್ತಿಗೆ ತಬ್ಬಿಕೊಂಡ. ಬಾಲ ನೆಲಕ್ಕೆ ಪಟಪಟ ಬಡಿಯುತ್ತಲೇ ಇತ್ತು. ಬಾಯಿ ಮುಚ್ಚಿತು. ನಾಲಿಗೆ ಸರಕ್ಕನೆ ಹೊರಬಂದು ಮೂಗು ನೆಕ್ಕಿ ಒಳಹೋಯಿತು. ಮುಖ ಆಚೆ ತಿರುಗಿದರೂ ಕಣ್ಣು ಹುಡುಗನ ಮೇಲೇ ಇದ್ದು, ಅಂಚಿನಲ್ಲಿ ಬಿಳಿ ಕಂಡಿತು. ಆಮೇಲೆ ಬಾಲವೂ ನಿಂತಿತು. "ಬಾ ಪುಟ್ಟಾ, ಈ ಚೆಂಡು ಎಸೆದು ನೋಡು" ಎಂದು ಮೆಲ್ಲಗೆ ಕರೆದೆ. ಅವನು ಎದ್ದು ಬಂದದ್ದೇ ತಡ, ನಾಯಿ ಎದ್ದು ನೆನೆದಿದ್ದಂತೆ ಮೈ ಕೊಡವಿಕೊಂಡಿತು. ಒಣ ಮೈಯನ್ನು ಹಾಗೆ ಕೊಡವಿದರೆ ಬಿಗುವು ಇಳಿಯುತ್ತಿದೆ ಎಂದುಕೊಳ್ಳುತ್ತೇನೆ.

ಬಿಡಿಬಿಡಿಯಾಗಿ ಇವುಗಳಿಗೆ ಅರ್ಥ ಕಟ್ಟುವುದಿಲ್ಲ. ನಿದ್ದೆ ಬಂದರೂ ನಾಯಿ ಆಕಳಿಸುತ್ತದೆ, ಊಟ ಕಂಡರೂ ಮೂತಿ ನೆಕ್ಕುತ್ತದೆ. ಬೆನ್ನಿನ ರೋಮ ಆಟದ ಹುರುಪಿಗೂ ನಿಗುರುತ್ತದೆ. ಆದರೆ ಮೈ ಕಲ್ಲಾಗಿ ನಿಂತರೆ ಮಾತ್ರ ಬೇರೆ ಲೆಕ್ಕ ಹಾಕುವುದಿಲ್ಲ, ಹಿಂದೆ ಸರಿಯುತ್ತೇನೆ.

"ಮೊದಲು ಗುರ್ ಅಂತಿತ್ತು, ಹೊಡೆದು ಬಿಡಿಸಿದ್ವಿ" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ನಾನು ಹೆಚ್ಚು ಎಚ್ಚರದಿಂದಿರುವುದು ಅಂಥ ನಾಯಿಯ ಹತ್ತಿರವೇ. ಭಯ ಹಾಗೇ ಉಳಿದಿರುತ್ತದೆ, ಹೋಗಿರುವುದು ಮುನ್ನೆಚ್ಚರಿಕೆ ಮಾತ್ರ. ನನ್ನಲ್ಲಿ ನಾಯಿ ಗುರುಗುಟ್ಟಿದರೆ ಗದರುವುದಿಲ್ಲ. ದೂರ ಸರಿದು, ಯಾವುದಕ್ಕೆ ಗುರುಗುಟ್ಟಿತು ಎಂದು ನೋಡುತ್ತೇನೆ.

ಇನ್ನು "ತಪ್ಪು ಮಾಡಿದ ಮುಖ" ಎನ್ನುತ್ತಾರಲ್ಲ, 2009ರಲ್ಲಿ ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ ಅದನ್ನೇ ಪರೀಕ್ಷಿಸಿದ್ದರು. ನಾಯಿ ತಿಂಡಿ ಕದ್ದಿರಲಿ, ಬಿಡಲಿ, ಸಾಕಿದವರು ಬೈದಾಗಲೇ ಆ ಮುಖ ಹೆಚ್ಚು ಕಂಡಿತು.

ಸವರುವುದಕ್ಕೂ ನನ್ನದೊಂದು ಕ್ರಮವಿದೆ. ಪಕ್ಕಕ್ಕೆ ತಿರುಗಿ ಕೂರುತ್ತೇನೆ, ನಾಯಿಯೇ ಬರಲಿ. ಎದೆಯ ಬಳಿ ಮೂರು ಸೆಕೆಂಡ್ ಸವರಿ ಕೈ ತೆಗೆಯುತ್ತೇನೆ. ಒತ್ತಿಕೊಂಡು ಬಂದರೆ ಮುಂದುವರಿಸುತ್ತೇನೆ, ಸುಮ್ಮನಿದ್ದರೆ ನಾನೂ ಸುಮ್ಮನೆ. ಹೊಟ್ಟೆ ತೋರಿಸಿ ಮಲಗಿದರೂ ಬಾಯಿ ಬಿಗಿದು ಬಾಲ ಮುದುರಿದ್ದರೆ ಅದು "ಬಿಟ್ಟುಬಿಡು" ಎಂಬ ಕೋರಿಕೆ. ಬಾಲ ಕತ್ತರಿಸಿದ, ಮುಖ ಚಪ್ಪಟೆಯಾದ, ಕಣ್ಣು ಮುಚ್ಚುವಷ್ಟು ಕೂದಲಿರುವ ನಾಯಿಗಳಲ್ಲಿ ಇದೆಲ್ಲ ಅರ್ಧವೂ ಕಾಣುವುದಿಲ್ಲ. ಅವು ಬಂದ ಮೊದಲ ದಿನ ಸವರುವ ಗೊಡವೆಗೇ ಹೋಗುವುದಿಲ್ಲ.