ಬಲಗೈಗೆ ಬಿಡುವು: ಮೌಸ್ ಬಳಕೆಯನ್ನು ಕಡಿಮೆ ಮಾಡಿಕೊಂಡ ಬಗೆ

ಬಲ ಮುಂಗೈಯ ಮೇಲ್ಭಾಗದಲ್ಲಿ, ಮೊಣಕೈಗಿಂತ ತುಸು ಕೆಳಗೆ, ಮಧ್ಯಾಹ್ನದ ಹೊತ್ತಿಗೆ ಆರಂಭವಾಗಿ ರಾತ್ರಿಯವರೆಗೂ ಉಳಿಯುತ್ತಿದ್ದ ಮಂದ ನೋವೇ ನಾನು ಮೌಸ್ ಬಳಕೆಯನ್ನು ಕಡಿಮೆ ಮಾಡಿಕೊಳ್ಳಲು ಕಾರಣವಾಯಿತು. ಬೇರೆಯವರು ಬರೆದುದನ್ನು ತಿದ್ದುವುದು ನನ್ನ ಕೆಲಸ. ಅದರ ಜೊತೆಗೆ ಎಕ್ಸೆಲ್ ಹಾಳೆಗಳು, ಇಮೇಲ್, ಮಾಹಿತಿಯನ್ನು ತಾಳೆ ನೋಡಲು ಬ್ರೌಸರ್, ಹೀಗೆ ಇಡೀ ದಿನ ಕಂಪ್ಯೂಟರಿನ ಮುಂದೆಯೇ ಕಳೆಯುತ್ತದೆ. ಪುಟಗಟ್ಟಲೆ ಟೈಪ್ ಮಾಡಿದ ದಿನಕ್ಕಿಂತ, ಅಲ್ಲೊಂದು ಇಲ್ಲೊಂದು ಪದವನ್ನು ತಿದ್ದುತ್ತಾ ಕೂತ ದಿನವೇ ನೋವು ಹೆಚ್ಚಾಗಿರುತ್ತಿತ್ತು. ಆದ್ದರಿಂದ ನೋವಿನ ಮೂಲ ಕೀಬೋರ್ಡಿನಲ್ಲಿಲ್ಲ, ಮೌಸಿನಲ್ಲಿದೆ ಎಂಬ ಅನುಮಾನ ನನಗೆ ಬೇಗನೆ ಹುಟ್ಟಿತು.

ಯಾವ ಬದಲಾವಣೆಯನ್ನೂ ಮಾಡುವ ಮೊದಲು ವೈದ್ಯರನ್ನು ಕಂಡೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕೈನೋವುಗಳೆಲ್ಲ ಒಂದೇ ಬಗೆಯವಲ್ಲ. ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳುಗಳಲ್ಲಿ ಜೋಮು ಹಿಡಿದು ರಾತ್ರಿ ಎಚ್ಚರವಾಗುವಂತಿದ್ದರೆ, ಮಣಿಕಟ್ಟಿನ ಕಾರ್ಪಲ್ ಟನಲ್ ಎಂಬ ಕಿರಿದಾದ ಜಾಗದಲ್ಲಿ ಮೀಡಿಯನ್ ನರವು ಒತ್ತಡಕ್ಕೆ ಸಿಕ್ಕಿರಬಹುದು. ಕಿರುಬೆರಳು ಮತ್ತು ಉಂಗುರಬೆರಳಿನ ಜೋಮು ಅಲ್ನರ್ ನರದ ಕಡೆಗೆ ಬೆರಳು ತೋರಿಸುತ್ತದೆ. ಇಂತಹ ತೊಂದರೆಗಳನ್ನು, ಮೌಸಿನ ಬದಲು ಕೀಲಿಗಳಿಂದ ಕೆಲಸ ಮಾಡಿಸುವ ಶಾರ್ಟ್‌ಕಟ್‌ಗಳನ್ನು ಕಲಿತು ಗುಣಪಡಿಸಿಕೊಳ್ಳುತ್ತೇನೆಂದು ಕಾಯುತ್ತಾ ಕೂರಬಾರದು. ನನಗೆ ಜೋಮು ಇರಲಿಲ್ಲ, ಹಿಡಿತದ ಬಲವೂ ಕುಂದಿರಲಿಲ್ಲ. ಬೆರಳುಗಳನ್ನೂ ಮಣಿಕಟ್ಟನ್ನೂ ಮೇಲಕ್ಕೆತ್ತುವ ಸ್ನಾಯುಗಳು ಬಿಡುವಿಲ್ಲದೆ ದುಡಿದು ದಣಿದಿವೆ ಎಂದು ವೈದ್ಯರು ವಿವರಿಸಿದರು. ಫಿಸಿಯೋಥೆರಪಿಸ್ಟ್ ಕೆಲವು ವ್ಯಾಯಾಮಗಳನ್ನು ಕಲಿಸಿದರು. ಅವನ್ನು ಈಗಲೂ ಮಾಡುತ್ತೇನೆ.

ಮೌಸನ್ನು ಹಿಡಿಯುವುದು ಹಗುರವಾದ ಕೆಲಸವೆಂದು ತೋರುತ್ತದೆ. ಆದರೆ ಅದರ ತೊಂದರೆ ಇರುವುದು ಆ ಹಗುರತನದಲ್ಲಿಯೇ. ಗುಂಡಿಯನ್ನು ಅಕಸ್ಮಾತ್ತಾಗಿ ಒತ್ತಿಬಿಡಬಾರದೆಂದು ತೋರುಬೆರಳನ್ನೂ ನಡುಬೆರಳನ್ನೂ ನಾವು ಅರಿವಿಲ್ಲದೆಯೇ ಕೂದಲೆಳೆಯಷ್ಟು ಮೇಲೆ ಹಿಡಿದಿರುತ್ತೇವೆ, ಅಂಗೈ ಕೆಳಮುಖವಾಗಿರುವಂತೆ ಮುಂಗೈಯನ್ನು ತಿರುಚಿರುತ್ತೇವೆ, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಕಿರುಬೆರಳಿನ ಕಡೆಗೆ ವಾಲಿಸಿರುತ್ತೇವೆ. ಇದಕ್ಕೆ ಬೇಕಾದ ಬಲ ಅಲ್ಪವಾದರೂ ಅದು ಗಂಟೆಗಟ್ಟಲೆ ಸಡಿಲವಾಗುವುದಿಲ್ಲ. ಭಾರ ಎತ್ತಿ ಇಳಿಸುವಾಗ ಸ್ನಾಯುವಿಗೆ ದೊರೆಯುವ ವಿರಾಮ ಇಲ್ಲಿ ದೊರೆಯುವುದೇ ಇಲ್ಲ. ಇದರ ಮೇಲೆ ಇಡೀ ಹೊರೆ ಒಂದೇ ಕೈಯ ಮೇಲೆ ಬೀಳುತ್ತದೆ. ಮೌಸನ್ನು ರೂಪಿಸಿದ ಡಗ್ಲಸ್ ಎಂಗೆಲ್‌ಬಾರ್ಟ್ ಅವರು 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದಾಗ ಅವರ ಬಲಗೈಯಲ್ಲಿ ಮೌಸ್ ಇತ್ತು, ಎಡಗೈಯ ಬಳಿ ಐದು ಕೀಲಿಗಳ ಒಂದು ಪುಟ್ಟ ಸಾಧನವಿತ್ತು; ತೋರಿಸುವುದು ಒಂದು ಕೈಗೆ, ಆಜ್ಞೆ ಕೊಡುವುದು ಇನ್ನೊಂದು ಕೈಗೆ ಎಂಬ ಹಂಚಿಕೆ ಅದು. ಮೌಸ್ ಉಳಿಯಿತು, ಆ ಎಡಗೈ ಸಾಧನ ಬಳಕೆಗೆ ಬರಲಿಲ್ಲ. ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನು ಕಲಿಯುವಾಗ ನಾನು ಮಾಡುತ್ತಿರುವುದು ಕಳೆದುಹೋದ ಆ ಹಂಚಿಕೆಯನ್ನು ಬೇರೊಂದು ರೀತಿಯಲ್ಲಿ ಮರಳಿ ಪಡೆಯುವುದೇ ಎಂದು ನನಗೆ ಅನ್ನಿಸಿದೆ.

ಆರಂಭದಲ್ಲಿ ನಾನು ಹೊಸದೇನನ್ನೂ ಕೊಳ್ಳಲಿಲ್ಲ. ಕೈ ಯಾವ ಯಾವ ಕೆಲಸಕ್ಕೆ ಮೌಸಿನ ಕಡೆಗೆ ಹೋಗುತ್ತದೆ ಎಂಬುದನ್ನು ಒಂದು ಕಾಗದದಲ್ಲಿ ಗುರುತು ಹಾಕುತ್ತಾ ಹೋದೆ. ಅದರಿಂದ ತಿಳಿದುಬಂದ ದೊಡ್ಡ ಸಂಗತಿಯೆಂದರೆ, ನನ್ನ ಕೈ ಮೌಸಿನ ಮೇಲಿರುತ್ತಿದ್ದ ಸಮಯದ ಬಹುಪಾಲು ಅದು ಏನನ್ನೂ ಮಾಡುತ್ತಿರಲಿಲ್ಲ. ಪರದೆಯ ಮೇಲಿನ ವಾಕ್ಯವನ್ನು ನಾನು ಓದುತ್ತಿರುವಾಗ ಅದು ಸುಮ್ಮನೆ ಮೌಸನ್ನು ಹಿಡಿದು ಕಾಯುತ್ತಿತ್ತು. ಓದುವಾಗ ಕೈಯನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುವ ರೂಢಿಯೊಂದನ್ನೇ ಮೊದಲು ಬೆಳೆಸಿಕೊಂಡೆ. ಇದಕ್ಕೆ ಯಾವ ಶಾರ್ಟ್‌ಕಟ್ಟೂ ಬೇಡ, ಯಾವ ಸಾಧನವೂ ಬೇಡ, ಮತ್ತು ನನ್ನ ಮಟ್ಟಿಗೆ ಇದಕ್ಕಿಂತ ಬೇಗ ಫಲ ಕೊಟ್ಟ ಬದಲಾವಣೆ ಇನ್ನೊಂದಿಲ್ಲ. ಮೌಸನ್ನು ಕೈ ಚಾಚಿಯೇ ತೆಗೆದುಕೊಳ್ಳಬೇಕಾದಷ್ಟು ದೂರ ಸರಿಸಿಟ್ಟದ್ದು ಈ ರೂಢಿಗೆ ನೆರವಾಯಿತು. ಆದರೆ ಮೌಸಿನಿಂದಲೇ ಮಾಡಬೇಕಾದ ಕೆಲಸ ಬಂದಾಗ ಅದನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಳ್ಳಬೇಕು; ದೂರದಲ್ಲಿಟ್ಟುಕೊಂಡೇ ಬಳಸಿದರೆ ಭುಜಕ್ಕೆ ಪೆಟ್ಟು.

ಗುರುತು ಹಾಕಿದ ಕಾಗದದಲ್ಲಿ ಪದೇ ಪದೇ ಬಂದಿದ್ದು ಕರ್ಸರನ್ನು ಒಂದು ಪದದ ಬಳಿಗೆ ಕೊಂಡೊಯ್ಯುವ ಕೆಲಸ. ಕಂಟ್ರೋಲ್ ಒತ್ತಿಹಿಡಿದು ಬಾಣದ ಕೀಲಿ ಒತ್ತಿದರೆ ಕರ್ಸರ್ ಒಂದೊಂದು ಪದವಾಗಿ ಸರಿಯುತ್ತದೆ, ಜೊತೆಗೆ ಶಿಫ್ಟ್ ಸೇರಿಸಿದರೆ ಪದಗಳು ಆಯ್ಕೆಯಾಗುತ್ತವೆ, ಕಂಟ್ರೋಲ್+ಬ್ಯಾಕ್‌ಸ್ಪೇಸ್ ಒಂದು ಪದವನ್ನು ಪೂರ್ತಿ ಅಳಿಸುತ್ತದೆ. ಇವು ಬಹಳ ಜನರಿಗೆ ಗೊತ್ತು. ಅಷ್ಟಾಗಿ ಬಳಕೆಯಲ್ಲಿಲ್ಲದ್ದು ವರ್ಡ್ ತಂತ್ರಾಂಶದ ಎಫ್8 ಕೀಲಿ: ಅದನ್ನು ಎರಡು ಬಾರಿ ಒತ್ತಿದರೆ ಪದ, ಮೂರು ಬಾರಿ ಒತ್ತಿದರೆ ವಾಕ್ಯ, ನಾಲ್ಕು ಬಾರಿ ಒತ್ತಿದರೆ ಪ್ಯಾರಾ ಆಯ್ಕೆಯಾಗುತ್ತದೆ, ಎಸ್ಕೇಪ್ ಒತ್ತಿದರೆ ಆ ಆಯ್ಕೆಯ ಸ್ಥಿತಿಯಿಂದ ಹೊರಬರಬಹುದು. ವಾಕ್ಯದ ತುದಿಯಿಂದ ತುದಿಗೆ ಮೌಸನ್ನು ಒತ್ತಿಹಿಡಿದು ಎಳೆಯುವುದು ಕೈಗೆ ಅತ್ಯಂತ ಕಷ್ಟದ ಚಲನೆ, ಏಕೆಂದರೆ ಬೆರಳು ಒತ್ತುತ್ತಿರಬೇಕು, ಅದೇ ವೇಳೆಗೆ ಮಣಿಕಟ್ಟು ನಿಖರವಾಗಿ ಚಲಿಸಬೇಕು. ಎಫ್8 ನನ್ನನ್ನು ಅದರಿಂದ ಬಹುಮಟ್ಟಿಗೆ ಪಾರುಮಾಡಿತು. ಶಿಫ್ಟ್+ಎಫ್5 ಒತ್ತಿದರೆ ಈ ಹಿಂದೆ ತಿದ್ದಿದ ಜಾಗಕ್ಕೆ ಮರಳಬಹುದು ಎಂಬುದೂ ದೊಡ್ಡ ಕಡತಗಳಲ್ಲಿ ಬಹಳ ಉಪಯುಕ್ತ.

ದೂರದ ಜಾಗಕ್ಕೆ ಹೋಗುವುದಕ್ಕೆ ನಾನು ಕಂಡುಕೊಂಡ ದಾರಿ ಹುಡುಕಾಟ. ಪರದೆಯ ಮೇಲೆ ಕಾಣುತ್ತಿರುವ ಪದವನ್ನೂ ನಾನು ಕಂಟ್ರೋಲ್+ಎಫ್ ಒತ್ತಿ, ಅದರ ಮೊದಲ ಮೂರು ನಾಲ್ಕು ಅಕ್ಷರಗಳನ್ನು ಟೈಪ್ ಮಾಡಿ ತಲುಪುತ್ತೇನೆ. ಹುಡುಕಾಟವನ್ನು ಕಳೆದುಹೋದದ್ದನ್ನು ಪತ್ತೆಹಚ್ಚುವ ಸಾಧನವೆಂದು ಮಾತ್ರ ನೋಡದೆ, ಕರ್ಸರಿಗೆ ವಿಳಾಸ ಕೊಡುವ ವಿಧಾನವೆಂದು ನೋಡತೊಡಗಿದ ಮೇಲೆ ಮೌಸಿನ ಚಕ್ರವನ್ನು ಉರುಳಿಸುವುದು ತಾನಾಗಿ ಕಡಿಮೆಯಾಯಿತು. ಮೆನುವಿನಲ್ಲಿ ಎಲ್ಲೋ ಅಡಗಿರುವ ಆಜ್ಞೆಗಳಿಗೂ ಇದೇ ಉಪಾಯ ಹೊಂದುತ್ತದೆ: ವರ್ಡ್ ಮತ್ತು ಎಕ್ಸೆಲ್‌ನಲ್ಲಿ ಆಲ್ಟ್+ಕ್ಯೂ ಒತ್ತಿ ಆಜ್ಞೆಯ ಹೆಸರನ್ನು ಟೈಪ್ ಮಾಡಿದರೆ ಸಾಕು. ಆಲ್ಟ್ ಒಂದನ್ನೇ ಒತ್ತಿ ಬಿಟ್ಟರೆ ಪ್ರತಿ ಆಜ್ಞೆಯ ಪಕ್ಕದಲ್ಲಿ ಒಂದು ಅಕ್ಷರ ಮೂಡುತ್ತದೆ; ಆ ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಒತ್ತುತ್ತಾ ಹೋಗಬಹುದು. ಒಟ್ಟಿಗೆ ಒತ್ತಬೇಕಾಗಿಲ್ಲ ಎನ್ನುವುದು ಬೆರಳುಗಳಿಗೆ ದೊಡ್ಡ ಉಪಕಾರ.

ಎಕ್ಸೆಲ್‌ನಲ್ಲಿ ಕೆಲಸ ಇನ್ನೂ ಸುಲಭ, ಏಕೆಂದರೆ ಅದರ ಚೌಕಗಳು ಬಾಣದ ಕೀಲಿಗಳಿಗೆ ಹೇಳಿ ಮಾಡಿಸಿದಂತಿವೆ. ಕಂಟ್ರೋಲ್ ಜೊತೆಗಿನ ಬಾಣ ಮಾಹಿತಿಯ ಅಂಚಿಗೆ ಒಯ್ಯುತ್ತದೆ, ಕಂಟ್ರೋಲ್+ಪೇಜ್ ಡೌನ್ ಮುಂದಿನ ಹಾಳೆಗೆ ಒಯ್ಯುತ್ತದೆ, ಕಂಟ್ರೋಲ್+ಶಿಫ್ಟ್+ಎಲ್ ಒತ್ತಿ ಫಿಲ್ಟರ್ ಹಾಕಿ ಆಲ್ಟ್+ಕೆಳಬಾಣದಿಂದ ಅದರ ಪಟ್ಟಿಯನ್ನು ತೆರೆಯಬಹುದು. ವಿಂಡೋಸ್‌ನಲ್ಲಿ ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗಲು ಆಲ್ಟ್+ಟ್ಯಾಬ್ ಎಲ್ಲರೂ ಬಳಸುತ್ತಾರೆ. ನಾನು ಅದಕ್ಕಿಂತ ವಿಂಡೋಸ್ ಕೀಲಿಯೊಂದಿಗೆ ಅಂಕಿಯನ್ನು ಒತ್ತುವುದನ್ನು ಮೆಚ್ಚುತ್ತೇನೆ, ಏಕೆಂದರೆ ಟಾಸ್ಕ್‌ಬಾರಿನ ಮೊದಲ ತಂತ್ರಾಂಶಕ್ಕೆ ಸದಾ 1, ಎರಡನೆಯದಕ್ಕೆ ಸದಾ 2, ಹೀಗೆ ಸ್ಥಾನ ಬದಲಾಗದಿರುವುದರಿಂದ ಕಣ್ಣು ಪರದೆಯಲ್ಲಿ ಹುಡುಕಬೇಕಾಗುವುದಿಲ್ಲ.

ಬ್ರೌಸರ್ ಮಾತ್ರ ಬಹಳ ಕಾಲ ಸತಾಯಿಸಿತು. ವಿಳಾಸದ ಪಟ್ಟಿಗೆ ಹೋಗಲು ಕಂಟ್ರೋಲ್+ಎಲ್, ಹಿಂದಿನ ಪುಟಕ್ಕೆ ಆಲ್ಟ್+ಎಡಬಾಣ, ಕೆಳಗೆ ಸರಿಯಲು ಸ್ಪೇಸ್, ಮುಚ್ಚಿದ ಟ್ಯಾಬನ್ನು ಮತ್ತೆ ತೆರೆಯಲು ಕಂಟ್ರೋಲ್+ಶಿಫ್ಟ್+ಟಿ, ಇವೆಲ್ಲ ಸರಿಯೇ. ಆದರೆ ಪುಟದ ನಡುವಿನ ಒಂದು ಕೊಂಡಿಯನ್ನು ತಲುಪಲು ಟ್ಯಾಬ್ ಕೀಲಿಯನ್ನು ನಲವತ್ತು ಬಾರಿ ಒತ್ತುವುದು ಕೈಗೆ ಉಪಕಾರವಲ್ಲ. ಫೈರ್‌ಫಾಕ್ಸ್‌ನಲ್ಲಿ ಒಂಟಿ ಉದ್ಧರಣ ಚಿಹ್ನೆಯ ಕೀಲಿಯನ್ನು ಒತ್ತಿದರೆ ಕೊಂಡಿಗಳಲ್ಲಿ ಮಾತ್ರ ಹುಡುಕುವ ಪುಟ್ಟ ಪಟ್ಟಿ ತೆರೆಯುತ್ತದೆ; ಕೊಂಡಿಯ ಕೆಲವು ಅಕ್ಷರಗಳನ್ನು ಬರೆದು ಎಂಟರ್ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಇದಕ್ಕಿಂತಲೂ ಹೆಚ್ಚು ನೆರವಾದದ್ದು ವಿಮಿಯಂ ಎಂಬ, ಬ್ರೌಸರಿಗೆ ಸೇರಿಸಿಕೊಳ್ಳಬಹುದಾದ ಉಚಿತ ವಿಸ್ತರಣೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ಸಿಗುವ ಇದರಲ್ಲಿ ಎಫ್ ಅಕ್ಷರವನ್ನು ಒತ್ತಿದರೆ ಪುಟದಲ್ಲಿ ಕಾಣುವ ಪ್ರತಿಯೊಂದು ಕೊಂಡಿಯ ಮೇಲೂ ಒಂದೋ ಎರಡೋ ಅಕ್ಷರಗಳ ಚೀಟಿ ಮೂಡುತ್ತದೆ, ಆ ಅಕ್ಷರಗಳನ್ನು ಒತ್ತಿದರೆ ಕ್ಲಿಕ್ ಮಾಡಿದಂತೆಯೇ. ಬೇರೆ ಯಾವ ತಂತ್ರಾಂಶವೂ ನನ್ನ ಕೈಯನ್ನು ಮೌಸಿನಿಂದ ಇಷ್ಟು ದೂರ ಇಟ್ಟಿಲ್ಲ.

ಆದರೂ ಕೆಲವು ಜಾಲತಾಣಗಳು ಕೀಬೋರ್ಡಿಗೆ ಮಣಿಯುವುದೇ ಇಲ್ಲ. ಟ್ಯಾಬ್ ಒತ್ತಿದಾಗ ನಾವು ಎಲ್ಲಿದ್ದೇವೆಂದು ಕಾಣಿಸುವುದಿಲ್ಲ, ಇಲ್ಲವೇ ಗುಂಡಿಯಂತೆ ತೋರುವ ಚಿತ್ರವನ್ನು ಮೌಸಿನಿಂದ ಹೊರತು ಒತ್ತಲಾಗುವುದಿಲ್ಲ. 2008ರಲ್ಲಿ, ಜಾಲದ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ ಪ್ರಕಟಿಸಿದ ಸುಲಭ ಲಭ್ಯತೆಯ ಮಾರ್ಗಸೂಚಿಯ 2.0 ಆವೃತ್ತಿಯಲ್ಲಿಯೇ ಪುಟದ ಎಲ್ಲ ಕಾರ್ಯಗಳೂ ಕೀಬೋರ್ಡಿನಿಂದ ನಡೆಯಬೇಕೆಂಬುದು ಕನಿಷ್ಠ ಮಟ್ಟದ ಅಗತ್ಯಗಳಲ್ಲಿ ಒಂದಾಗಿ ಸೇರಿದೆ. ಕಣ್ಣು ಕಾಣದವರಿಗೂ, ಕೈ ನಡುಗುವವರಿಗೂ ಅದು ಅನುಕೂಲದ ಮಾತಲ್ಲ, ಒಳಗೆ ಬರಲು ಇರುವ ಒಂದೇ ಬಾಗಿಲು. ನೋವಿನ ಕೈಯಿಂದ ಕೀಬೋರ್ಡಿಗೆ ಮಣಿಯದ ಜಾಲತಾಣಗಳ ಅರ್ಜಿಗಳನ್ನು ತುಂಬಿದ ಮೇಲೆ ಈ ವಿಷಯದಲ್ಲಿ ನನ್ನ ನಿಲುವು ಗಟ್ಟಿಯಾಗಿದೆ. ಜಾಲತಾಣ ಕಟ್ಟುವವರು ಒಮ್ಮೆ ಮೌಸನ್ನು ಕಿತ್ತಿಟ್ಟು ತಮ್ಮ ಅರ್ಜಿಯನ್ನು ತಾವೇ ತುಂಬಿ ನೋಡಬೇಕೆಂದು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ಮೌಸಿನ ಹೊರೆಯನ್ನು ತಂದು ಕಿರುಬೆರಳಿನ ಮೇಲೆ ಹಾಕಿದರೆ ಪ್ರಯೋಜನವಿಲ್ಲ. ಕಂಟ್ರೋಲ್ ಕೀಲಿಯನ್ನು ಎಡ ಕಿರುಬೆರಳಿನಿಂದ ಒತ್ತಿಹಿಡಿದು ಅದೇ ಕೈಯ ಇನ್ನೊಂದು ಬೆರಳನ್ನು ಚಾಚುವುದು ಕೆಟ್ಟ ಭಂಗಿ. ಹೀಗಾಗಿ ಎರಡು ಕೀಲಿಗಳ ಶಾರ್ಟ್‌ಕಟ್‌ಗೆ ಎರಡು ಕೈಗಳನ್ನು ಬಳಸುವ ನಿಯಮವನ್ನು ಮೊದಲಿನಿಂದಲೇ ಇಟ್ಟುಕೊಂಡೆ: ಸಿ ಅಥವಾ ವಿ ಒತ್ತಲು ಎಡಗೈ, ಕಂಟ್ರೋಲ್‌ಗೆ ಬಲಗಡೆಯ ಕೀಲಿ. ನಾನು ಎಂದೂ ಬಳಸದ ಕ್ಯಾಪ್ಸ್ ಲಾಕ್ ಕೀಲಿಯನ್ನು ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್ ತಂತ್ರಾಂಶದ ಮೂಲಕ ಇನ್ನೊಂದು ಕಂಟ್ರೋಲ್ ಆಗಿ ಮಾಡಿಕೊಂಡಿದ್ದೇನೆ. ಬೆರಳುಗಳು ದಣಿದಿರುವಾಗ ಶಿಫ್ಟ್ ಕೀಲಿಯನ್ನು ಐದು ಬಾರಿ ಒತ್ತಿ ಸ್ಟಿಕಿ ಕೀಸ್ ಸೌಲಭ್ಯವನ್ನು ಚಾಲೂ ಮಾಡುತ್ತೇನೆ. ಆಗ ಕಂಟ್ರೋಲ್ ಒತ್ತಿ, ಬಿಟ್ಟು, ನಂತರ ಅಕ್ಷರವನ್ನು ಒತ್ತಿದರೂ ನಡೆಯುತ್ತದೆ. ಕೀಬೋರ್ಡಿನ ಹಿಂಭಾಗವನ್ನು ಎತ್ತರಿಸುವ ಪುಟ್ಟ ಕಾಲುಗಳನ್ನು ಮಡಚಿಬಿಟ್ಟೆ, ಏಕೆಂದರೆ ಆ ಎತ್ತರ ಮಣಿಕಟ್ಟನ್ನು ಇನ್ನಷ್ಟು ಹಿಂದಕ್ಕೆ ಬಾಗಿಸುತ್ತದೆ.

ನಾನು ಹಣ ಕೊಟ್ಟು ಕೊಂಡದ್ದು ಅಂಕಿಗಳ ಭಾಗವಿಲ್ಲದ ಗಿಡ್ಡ ಕೀಬೋರ್ಡ್ ಒಂದನ್ನು ಮಾತ್ರ. ಸಾಮಾನ್ಯ ಕೀಬೋರ್ಡಿನಲ್ಲಿ ಬಲಬದಿಯ ಅಂಕಿಗಳು ಮೌಸನ್ನು ಸುಮಾರು ಅರ್ಧ ಗೇಣಿನಷ್ಟು ಆಚೆಗೆ ತಳ್ಳುತ್ತವೆ, ಅದನ್ನು ಹಿಡಿಯಲು ತೋಳನ್ನು ದೇಹದಿಂದ ಹೊರಕ್ಕೆ ತಿರುಗಿಸಬೇಕಾಗುತ್ತದೆ, ಭುಜ ಅದಕ್ಕೆ ಬೆಲೆ ತೆರುತ್ತದೆ. ಗಿಡ್ಡ ಕೀಬೋರ್ಡಿನಿಂದ ನಷ್ಟವೂ ಇದೆ: ಎಡ ಆಲ್ಟ್+ಎಡ ಶಿಫ್ಟ್+ನಮ್ ಲಾಕ್ ಒತ್ತಿ ಅಂಕಿಗಳಿಂದಲೇ ಪಾಯಿಂಟರನ್ನು ನಡೆಸುವ ಮೌಸ್ ಕೀಸ್ ಸೌಲಭ್ಯ ಅದರಲ್ಲಿ ಕೈತಪ್ಪುತ್ತದೆ. ಆ ಸೌಲಭ್ಯ ನಿಧಾನವಾದುದು, ನನಗೆ ಅದರ ಅಗತ್ಯ ಹೆಚ್ಚಾಗಿ ಬೀಳಲಿಲ್ಲ, ಆದರೆ ಕೈ ತೀರಾ ಸೋತವರಿಗೆ ಅದು ಆಸರೆ.

ಶಾರ್ಟ್‌ಕಟ್‌ಗಳನ್ನು ಕಲಿತ ಕ್ರಮವನ್ನೂ ಹೇಳಬೇಕು. ನೂರು ಶಾರ್ಟ್‌ಕಟ್‌ಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವುದರಿಂದ ಏನೂ ಆಗುವುದಿಲ್ಲ. ಗುರುತು ಹಾಕಿದ ಕಾಗದದಲ್ಲಿ ಹೆಚ್ಚು ಸಲ ಬಂದ ಎರಡು ಮೂರು ಕೆಲಸಗಳಿಗೆ ಮಾತ್ರ ಕೀಲಿಗಳನ್ನು ಕಲಿತು, ಅವು ಯೋಚಿಸದೆ ಬರುವವರೆಗೆ ಮುಂದಿನವನ್ನು ಮುಟ್ಟುತ್ತಿರಲಿಲ್ಲ. ಆ ಅವಧಿಯಲ್ಲಿ ಕೆಲಸ ನಿಧಾನವಾಗುತ್ತದೆ, ಅದನ್ನು ಮೊದಲೇ ಒಪ್ಪಿಕೊಂಡು ಗಡುವು ಬಿಗಿಯಾಗಿಲ್ಲದ ಕಾಲವನ್ನು ಆರಿಸಿಕೊಂಡೆ. ಸಹೋದ್ಯೋಗಿಗಳಿಗೂ ಕಾರಣವನ್ನು ತಿಳಿಸಿದ್ದೆ.

ಧ್ವನಿಯಿಂದ ಕೆಲಸ ಮಾಡಿಸುವ ಸೌಲಭ್ಯಗಳನ್ನೂ ಪರೀಕ್ಷಿಸಿದ್ದೇನೆ. ವಿಂಡೋಸ್ 11ರಲ್ಲಿರುವ ವಾಯ್ಸ್ ಆಕ್ಸೆಸ್ ಪರದೆಯ ಮೇಲಿನ ಗುಂಡಿಗಳಿಗೆ ಅಂಕಿಗಳನ್ನು ಅಂಟಿಸಿ, ಅಂಕಿ ಹೇಳಿದರೆ ಕ್ಲಿಕ್ ಮಾಡುತ್ತದೆ. ಆಪಲ್ ಕಂಪ್ಯೂಟರುಗಳಲ್ಲಿ 2019ರಿಂದ ವಾಯ್ಸ್ ಕಂಟ್ರೋಲ್ ಇದೆ. ಇತರರು ಕುಳಿತಿರುವ ಕೋಣೆಯಲ್ಲಿ ಇವನ್ನು ಬಳಸುವುದು ಕಷ್ಟ, ಮತ್ತು ದಿನವಿಡೀ ಆಜ್ಞೆ ಕೊಟ್ಟರೆ ಗಂಟಲೂ ದಣಿಯುತ್ತದೆ. ನೋವು ಹೆಚ್ಚಾದ ದಿನಗಳಿಗೆಂದು ಅವನ್ನು ಕಲಿತಿಟ್ಟುಕೊಂಡಿದ್ದೇನೆ.

ಮೌಸನ್ನು ಪೂರ್ತಿಯಾಗಿ ಬಿಡುವುದು ನನ್ನ ಉದ್ದೇಶವಾಗಿರಲಿಲ್ಲ, ಬಿಟ್ಟೂ ಇಲ್ಲ. ಚಿತ್ರದ ಅಂಚನ್ನು ಕತ್ತರಿಸುವುದು, ನಕ್ಷೆಯನ್ನು ಸರಿಸುವುದು, ಹೊಸ ತಂತ್ರಾಂಶವೊಂದನ್ನು ಮೊದಲ ಬಾರಿ ಅರಿಯುವುದು, ಇವಕ್ಕೆ ಮೌಸೇ ಸರಿ. ಅಂತಹ ಕೆಲಸಗಳನ್ನು ದಿನವಿಡೀ ಚೆಲ್ಲದೆ ಒಂದು ಹೊತ್ತಿಗೆ ಕೂಡಿಸಿಡುತ್ತೇನೆ, ನಡುವೆ ಎದ್ದು ಓಡಾಡುತ್ತೇನೆ, ಮೌಸನ್ನು ಎಡಗೈಯಿಂದ ನಡೆಸುತ್ತೇನೆ. ಪಾಯಿಂಟರಿನ ವೇಗವನ್ನು ಹೆಚ್ಚಿಸಿಕೊಂಡಿರುವುದರಿಂದ ಕೈ ಚಲಿಸಬೇಕಾದ ದೂರ ಕಡಿಮೆಯಾಗಿದೆ. ಎಳೆಯುವುದು ತಪ್ಪದಿದ್ದಾಗ ವಿಂಡೋಸ್‌ನ ಕ್ಲಿಕ್‌ಲಾಕ್ ಚಾಲೂ ಮಾಡಿದರೆ ಗುಂಡಿಯನ್ನು ಒತ್ತಿಹಿಡಿಯುವ ಅಗತ್ಯವಿರುವುದಿಲ್ಲ.

ನೋವು ಕೆಲವೇ ದಿನಗಳಲ್ಲಿ ಮಾಯವಾಗಲಿಲ್ಲ. ಮೊದಲು ರಾತ್ರಿಯ ನೋವು ಹೋಯಿತು, ಆಮೇಲೆ ಸಂಜೆಯದು. ವ್ಯಾಯಾಮ, ವಿರಾಮ, ಕೀಬೋರ್ಡಿನ ಬದಲಾವಣೆ ಇವೆಲ್ಲ ಒಟ್ಟೊಟ್ಟಿಗೆ ನಡೆದದ್ದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲಾರೆ. ಆದರೆ ಚಿತ್ರಗಳ ಕೆಲಸ ಹೆಚ್ಚಾಗಿ ಬಲಗೈಗೆ ಮೌಸ್ ಮರಳಿದ ವಾರಗಳಲ್ಲಿ ಮುಂಗೈಯ ಅದೇ ಜಾಗ ಮತ್ತೆ ಬಿಗಿಯುತ್ತದೆ, ಆಗ ಆ ಕಾಗದವನ್ನು ಮತ್ತೆ ತೆಗೆದು ಗುರುತು ಹಾಕಲು ಕೂರುತ್ತೇನೆ.